ನೇರ ಉತ್ತರ

ಸಮಾಜಕಾರ್ಯ ಓದುವವರಿಗೆ ಮೊದಲು ಕಲಿಸುವ ಪಾಠ ಬಾಯಿ ಮುಚ್ಚಿಕೊಂಡು ಕೇಳುವುದು. ಬಾಯಿ ತೆರೆಯಲೇಬೇಕಾಗಿ ಬಂದರೆ, ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಕೇಳುವುದು. ಉಪದೇಶ ಮಾಡಬೇಡಿ, ತೀರ್ಮಾನ ಅವರದು, ನಿಮ್ಮದಲ್ಲ ಎಂದು ಕಾಲೇಜಿನ ಮೇಷ್ಟ್ರು ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದರು. ಪಾಠ ಕೆಟ್ಟದ್ದೇನಲ್ಲ. ಅದನ್ನು ಎಲ್ಲಿ ಬಿಡಬೇಕು ಅನ್ನುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಆ ಕಾಲೇಜಿನ ಹುಡುಗಿಯೊಬ್ಬಳು ಈ ಪಾಠವನ್ನು ಅರೆದು ಕುಡಿದೇ ತರಬೇತಿಗೆ ಬಂದಳು. ಬಂದದ್ದು, ಇನ್ನು ವಾಸಿಯಾಗುವುದಿಲ್ಲ ಅನ್ನುವವರನ್ನು ನೋವಿಲ್ಲದ ಹಾಗೆ ನೋಡಿಕೊಳ್ಳುವ ವಾರ್ಡಿಗೆ. ಕಿಟಕಿ ಪಕ್ಕದ ಕೋಣೆಯಲ್ಲಿ ಕಂಡಕ್ಟರಮ್ಮ ಇದ್ದಳು. ಆಯಸ್ಸೆಲ್ಲ ಬಸ್ಸಿನಲ್ಲಿ ಟಿಕೆಟು ಹರಿದವಳು, ಕಿಕ್ಕಿರಿದ ಜನವನ್ನು ಬರೀ ಕಣ್ಣಿನಲ್ಲೇ ಹಿಂದಕ್ಕೆ ತಳ್ಳುತ್ತಿದ್ದವಳು. ಈಗ ಹೊಟ್ಟೆಯೊಳಗಿನ ಗಡ್ಡೆ ಅವಳನ್ನು ಅರ್ಧ ಮಾಡಿತ್ತು. ದನಿ ಮಾತ್ರ ಇಳಿದಿರಲಿಲ್ಲ.

"ಊಟ ಆಯ್ತೇನಮ್ಮ?" ಎಂದು ಮೊದಲ ದಿನವೇ ಕೇಳಿದಳು.

"ನನ್ನ ಊಟದ ಯೋಚನೆ ನಿಮಗೆ ಯಾಕೆ ಬಂತು?" ಎಂದಳು ಹುಡುಗಿ, ಬಹಳ ಮೃದುವಾಗಿ.

ಕಂಡಕ್ಟರಮ್ಮ ಕೆಮ್ಮು ಬರುವವರೆಗೂ ನಕ್ಕಳು. "ಲೋ ತಮ್ಮಾ, ಇಲ್ಲಿ ನೋಡೋ! ಈ ವಯಸ್ಸಲ್ಲಿ ನನಗೆ ಪ್ರಶ್ನೆಪತ್ರಿಕೆ ಕಳಿಸಿದ್ದಾರೆ. ಓದಿಕೊಂಡು ಬಂದಿಲ್ಲ ಕಣಮ್ಮ ನಾನು."

ಅಂದಿನಿಂದ ಹುಡುಗಿಗೆ ಪ್ರಶ್ನೆಪತ್ರಿಕೆ ಅಂತಲೇ ಹೆಸರು ಬಿತ್ತು. ವಾರ್ಡಿನ ಆಯಾ ಕೂಡ ಹಾಗೇ ಕರೆಯತೊಡಗಿದಳು. ಹುಡುಗಿಗೆ ಸಿಟ್ಟೇನೂ ಬರಲಿಲ್ಲ, ಒಳಗೊಳಗೇ ಹೆಮ್ಮೆ.

ತಮ್ಮ ಅಂದರೆ ಕಂಡಕ್ಟರಮ್ಮನ ಒಡಹುಟ್ಟಿದವನು. ಸಣ್ಣದೊಂದು ಸಲೂನು ಇಟ್ಟುಕೊಂಡಿದ್ದ, ಅವನಿಗೂ ತಲೆ ನರೆತಿತ್ತು. ಅಕ್ಕ ಮದುವೆಯಾಗಲಿಲ್ಲ, ಇವನನ್ನು ಸಾಕಿದ್ದೇ ಅವಳ ಸಂಸಾರ. ಅವಳು ಆಸ್ಪತ್ರೆ ಸೇರಿದಾಗಿನಿಂದ ಅಂಗಡಿಗೆ ಬೀಗ ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತು, ಅಲ್ಲೇ ಕುತ್ತಿಗೆ ವಾಲಿಸಿ ನಿದ್ದೆ ಮಾಡುತ್ತಿದ್ದ. "ಹೋಗಿ ದುಡಿಯೋ, ನಾನೇನು ಓಡಿ ಹೋಗ್ತೀನಾ" ಎಂದು ಅಕ್ಕ ಬೈದರೆ ಕಿವುಡನಂತೆ ಕೂತಿರುತ್ತಿದ್ದ.

ಹುಡುಗಿಯ ಹತ್ತಿರ ಅವನು ಕೇಳಿಕೊಂಡದ್ದು ಒಂದೇ. "ನಮ್ಮಮ್ಮ ಹೋಗುವಾಗ ನಾನು ಯಾರದೋ ಗಡ್ಡ ಬೋಳಿಸ್ತಾ ಇದ್ದೆ ಮೇಡಂ. ಅಕ್ಕ ಒಬ್ಬಳೇ ಕೂತಿದ್ದಳು. ಇವಳು ಹೋಗುವಾಗ ಪಕ್ಕದಲ್ಲಿ ನಾನಿರಬೇಕು. ಉಳಿಸಿಕೊಡಿ ಅಂತ ಕೇಳ್ತಿಲ್ಲ. ಹೊತ್ತು ಹತ್ತಿರ ಬಂದಾಗ ಹೇಳಿ, ಅಷ್ಟೇ."

"ಇದು ನಿಮಗೆ ತುಂಬಾ ಮುಖ್ಯ ಅನ್ನಿಸ್ತಿದೆ" ಎಂದಳು ಹುಡುಗಿ. ಅವನು ಹೌದೆಂದು ತಲೆಯಾಡಿಸಿದ. ಅವಳು ಮಾತು ಕೊಟ್ಟಳೆಂದೇ ಅವನು ತಿಳಿದ. ಅವಳು ಕೊಟ್ಟಿರಲಿಲ್ಲ. ಮಾತು ಕೊಡಬಾರದು ಅನ್ನುವುದೂ ಪಾಠದಲ್ಲಿತ್ತು.

ಒಂದು ದಿನ ಬೆಳಿಗ್ಗೆ ಪಾಳಿ ಬದಲಾಗುವಾಗ ಹಿರಿಯ ನರ್ಸು ಎಲ್ಲರಿಗೂ ಹೇಳಿದಳು: ಕಂಡಕ್ಟರಮ್ಮನ ಕಾಲು ತಣ್ಣಗಾಗಿದೆ, ಉಸಿರು ನಡುನಡುವೆ ನಿಂತು ಬರುತ್ತಿದೆ, ಸಂಜೆ ದಾಟುವುದು ಕಷ್ಟ. ಡಾಕ್ಟರು ಬಂದ ಕೂಡಲೇ ತಮ್ಮನನ್ನು ಕೂರಿಸಿಕೊಂಡು ಹೇಳುತ್ತಾರೆ. ಹುಡುಗಿ ಕೇಳಿಸಿಕೊಂಡಳು. ಡಾಕ್ಟರು ಇನ್ನೊಂದು ವಾರ್ಡಿನಲ್ಲಿ ಸಿಕ್ಕಿಕೊಂಡಿದ್ದರು.

ಕಾರಿಡಾರಿನ ಕೈತೊಳೆಯುವ ತೊಟ್ಟಿಯ ಹತ್ತಿರ ತಮ್ಮ ಎದುರಾದ. ಅಂಗಿ ಮುದುಡಿತ್ತು, ಗಡ್ಡ ಬೆಳೆದಿತ್ತು.

"ಮೇಡಂ, ಅಕ್ಕ ಆರಾಮಾಗಿ ಮಲಗಿದ್ದಾಳೆ. ನನ್ನ ಮೈ ನನಗೇ ವಾಸನೆ ಹೊಡೀತಿದೆ. ಮನೆಗೆ ಹೋಗಿ ಸ್ನಾನ ಮಾಡಿ ಬಂದುಬಿಡ್ಲಾ? ಪರವಾಗಿಲ್ವಾ?"

ಬೇಡ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನರ್ಸಮ್ಮನನ್ನು ಒಂದು ಮಾತು ಕೇಳಿ ಹೋಗಿ ಎಂದಿದ್ದರೂ ಸಾಕಿತ್ತು. ನಾಲಿಗೆ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಕಾಯಿಲೆಯ ವಿಷಯ ಹೇಳುವುದು ವಿದ್ಯಾರ್ಥಿಯ ಕೆಲಸವಲ್ಲ. ತೀರ್ಮಾನ ಅವರದು.

"ನಿಮಗೆ ಏನನ್ನಿಸುತ್ತೆ?" ಎಂದಳು.

ಅವನು ಅವಳ ಮುಖವನ್ನೇ ನೋಡಿದ. ಅಪಾಯವಿದ್ದರೆ ಓದಿದ ಹುಡುಗಿ ಹೀಗೆ ನಿರಾಳವಾಗಿ ಕೇಳುತ್ತಾಳೆಯೇ? "ಹೋಗಿ ಬಂದುಬಿಡೋಣ ಅನ್ನಿಸುತ್ತೆ" ಎಂದು ಚೀಲ ಹೆಗಲಿಗೆ ಹಾಕಿಕೊಂಡ. "ನೀವಿದ್ದೀರಲ್ಲ."

ಅವನು ಮೆಟ್ಟಿಲಿಳಿಯುವುದನ್ನು ನೋಡುತ್ತಾ ನಿಂತವಳಿಗೆ ಮೊದಲು ಬಂದದ್ದು, ಹೇಳಲು ನಾಚಿಕೆಯಾಗಬೇಕು, ಪಾಠ ಮೀರಲಿಲ್ಲ ಅನ್ನುವ ಸಮಾಧಾನ. ನರ್ಸನ್ನು ಹುಡುಕಿಕೊಂಡು ಓಡಿದ್ದು ಆಮೇಲೆ.

ನರ್ಸಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. "ಮನೆಗಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಹೋಗು, ನೀನು ಕೋಣೇಲಿ ಕೂತ್ಕೊ. ನಾನು ಫೋನ್ ಮಾಡ್ತೀನಿ."

ಹುಡುಗಿ ತಮ್ಮನ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಕಂಡಕ್ಟರಮ್ಮನ ಉಸಿರು ನಿಲ್ಲುವುದು, ಮತ್ತೆ ಬರುವುದು ನಡೆದಿತ್ತು. ಒಂದು ಸಲ ಅವಳು ಕಣ್ಣು ತೆರೆದಳು.

"ತಮ್ಮ?"

"ಬರ್ತಿದ್ದಾರೆ."

"ತಮ್ಮ ಎಲ್ಲಿ?" ಆ ದೊಡ್ಡ ದನಿ ಈಗ ಉಸಿರಿನಷ್ಟೇ ಇತ್ತು. ಕೈ ಮಂಚದಂಚನ್ನು ತಡಕಾಡುತ್ತಾ ಬಂತು, ಹುಡುಗಿಯ ಕೈ ಸಿಕ್ಕಿತು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಇದು ಅವನದಲ್ಲ ಎಂದು ತಿಳಿದ ಹಾಗೆ, ಬಿಟ್ಟುಬಿಟ್ಟಿತು. ಆಮೇಲೆ ನಿಂತ ಉಸಿರು ಮತ್ತೆ ಬರಲಿಲ್ಲ.

ಫೋನ್ ತಲುಪಿದಾಗ ತಮ್ಮ ಬಚ್ಚಲಲ್ಲಿದ್ದನಂತೆ. ತಲೆಯಿಂದ ನೀರು ಇಳಿಯುತ್ತಿರುವಾಗಲೇ ಓಡಿ ಬಂದಿದ್ದ, ಒಗೆದ ಅಂಗಿಯ ಗುಂಡಿ ಮೇಲೆ ಕೆಳಗೆ ಸಿಕ್ಕಿಸಿಕೊಂಡಿದ್ದ. ಬಾಗಿಲಲ್ಲೇ ಗೊತ್ತಾಯಿತು ಅವನಿಗೆ. ಅಳಲಿಲ್ಲ. ಗೋಡೆ ಹಿಡಿದು ನಿಂತುಬಿಟ್ಟ.

ನರ್ಸು ಅವನ ಬೆನ್ನ ಮೇಲೆ ಕೈಯಿಟ್ಟಳು. ಸಾವು ಕಂಡು ಕಂಡು ಪಳಗಿದ ಹೆಂಗಸು, ಒಳ್ಳೆಯವಳು, ಇಂಥ ಹೊತ್ತಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದಳು. "ಎಷ್ಟೋ ಜನ ಹೀಗೇ ಅಣ್ಣ. ಪ್ರೀತಿಸೋರು ಎದುರಿಗಿದ್ರೆ ಜೀವ ಬಿಡೋಕಾಗಲ್ಲ. ಅವರು ಆಚೆ ಹೋಗಲಿ ಅಂತ ಕಾದಿದ್ದು ಹೋಗ್ತಾರೆ."

ತಮ್ಮ ತಿರುಗಿ ಹುಡುಗಿಯನ್ನು ನೋಡಿದ. "ನೀವಿದ್ರಲ್ಲ ಮೇಡಂ. ಹೌದಾ? ನಾನು ಹೋಗಲಿ ಅಂತ ಕಾಯ್ತಿದ್ದಳಾ?"

ತಮ್ಮ ಎಲ್ಲಿ ಎಂದು ಅಕ್ಕ ಕೇಳಿದ್ದು ಹುಡುಗಿಯ ಕಿವಿಯಲ್ಲಿನ್ನೂ ಇತ್ತು. ಹೇಳಬಹುದಿತ್ತು. ಆದರೆ ಅಕ್ಕ ಕೇಳಿದಳು ಎಂದರೆ, ನನ್ನನ್ನು ಯಾಕೆ ಕಳಿಸಿದಿರಿ ಎಂದು ಅವನು ಕೇಳುತ್ತಾನೆ. ಬೆಳಿಗ್ಗೆಯೇ ಗೊತ್ತಿತ್ತು ಎಂದು ಹೇಳಬೇಕಾಗುತ್ತದೆ. ಈ ಸಲ ಪ್ರಶ್ನೆಯನ್ನು ತಿರುಗಿಸಲು ದಾರಿ ಇರಲಿಲ್ಲ.

"ಹೌದು" ಎಂದಳು. "ಏನೂ ಕೇಳಲಿಲ್ಲ. ನೆಮ್ಮದಿಯಾಗಿ ಹೋದ್ರು."

ಇಷ್ಟು ದಿನದಲ್ಲಿ ಅವಳು ಆ ಮನುಷ್ಯನಿಗೆ ಕೊಟ್ಟ ಮೊದಲ ನೇರ ಉತ್ತರ ಅದು. ಸುಳ್ಳು.

ತಮ್ಮ ಮಂಚದ ಹತ್ತಿರ ಬಂದ. ಅಕ್ಕನ ಕೂದಲು ಹಣೆಗೆ ಅಂಟಿಕೊಂಡಿತ್ತು. ಅಭ್ಯಾಸದ ಕೈ, ಜೇಬಿನಿಂದ ಬಾಚಣಿಗೆ ತೆಗೆಯಿತು. ಹಣೆಯವರೆಗೆ ಹೋದದ್ದು ಅಲ್ಲೇ ನಿಂತಿತು.

"ಚಿಕ್ಕಂದಿನಲ್ಲಿ ಜ್ವರ ಬಂದ್ರೆ ನನ್ನನ್ನ ಬಸ್ಸಲ್ಲೇ ಪಕ್ಕದಲ್ಲಿ ಕೂರಿಸಿಕೊಂಡು ಡ್ಯೂಟಿ ಮಾಡ್ತಿದ್ದಳು" ಎಂದ, ಯಾರಿಗೂ ಅಲ್ಲ ಎಂಬಂತೆ. "ಅಂಥವಳಿಗೆ ಕೊನೆಗೆ ನಾನು ಹತ್ತಿರ ಇರೋದು ಬೇಡ ಅನ್ನಿಸ್ತು ನೋಡಿ."

"ಹಾಗಲ್ಲ ಅಣ್ಣ..." ಎಂದಳು ನರ್ಸು.

"ಇರಲಿ ಬಿಡಿ. ಅವಳಿಷ್ಟ." ಕೈ ಹಿಂದಕ್ಕೆ ತೆಗೆದುಕೊಂಡ. "ತಲೆ ನೀವೇ ಬಾಚಿಬಿಡಿ ಸಿಸ್ಟರ್. ನಾನು ಮುಟ್ಟೋದು ಬೇಡ."

ಬಾಚಣಿಗೆಯನ್ನು ನರ್ಸಿನ ಕೈಗೆ ಕೊಟ್ಟು ಅವನು ಕಾರಿಡಾರಿಗೆ ಹೋದ. ಬಾಗಿಲಲ್ಲಿ ನಿಂತು ಹುಡುಗಿಗೆ ಕೈ ಮುಗಿದ, ಕೊನೆಯಲ್ಲಿ ಜೊತೆಗಿದ್ದಿರಿ, ದೊಡ್ಡ ಉಪಕಾರ ಆಯಿತು ಎಂದ. ಅವಳೂ ಕೈ ಮುಗಿದಳು.