ಕೂಗದೆ ಬಿಟ್ಟ ಊರು

"ಮೈಕ್ ಬಂದ್ ಮಾಡು," ಎಂದ ಗಂಗಾರಾಮ.

ಮೀರಾಸಾಬ ಬೇವಿನ ಮರದ ಕೆಳಗೆ ರಿಕ್ಷಾ ನಿಲ್ಲಿಸಿ ಹಿಂದಕ್ಕೆ ತಿರುಗಿದ. "ಯಾಕ ಕಾಕಾ? ಮುಗಳಖೋಡ ಇನ್ನೂ ಮುಂದೈತಿ."

"ಗಂಟಲಾ ಹಿಡದೈತಿ."

"ನಿಮ್ಮ ಗಂಟಲಾ? ರೈಲಿನ ಸೀಟಿ ಹಿಡದೈತಿ ಅನ್ರಿ, ನಂಬತೀನಿ."

ಗಂಗಾರಾಮ ನಗಲಿಲ್ಲ. "ಗಾಡಿ ಹೊಳ್ಳಿಸು," ಎಂದ.

ಕುಡಚಿಯ ಬೋಟ್ ಕ್ಲಬ್ಬಿನ ದೋಣಿ ಓಟದ ಶರ್ಯತ್ತು ಎಂದರೆ ಗಂಗಾರಾಮನ ಕೂಗು. ಹೊಳೆಯ ನೆರೆ ಇಳಿದು ನೀರು ತಿಳಿಯಾಗುತ್ತಲೇ ಅವನು ರಿಕ್ಷಾದಲ್ಲಿ ಕೂತು ಊರೂರು ತಿರುಗುವನು. "ಬರ್ರಿಯಪ್ಪೋ, ಬರ್ರಿ! ಕೃಷ್ಣಾಮಾಯಿ ಮಡಿಲಾಗ ಬೋಟಿನ ಶರ್ಯತ್ತು!" ಎಂದು ಅವನು ಎಳೆದು ಕೂಗಿದರೆ, ಕಬ್ಬಿನ ಗದ್ದೆಯೊಳಗಿನ ಹೆಂಗಸರು ಕುಡುಗೋಲು ಕೆಳಗಿಟ್ಟು ನಿಲ್ಲುತ್ತಿದ್ದರು. ಮೀಸೆ ಕಪ್ಪಿದ್ದಾಗ ಹಿಡಿದ ಮೈಕು ಅದು.

ಈ ವರ್ಷ ಆ ಕೂಗುವ ಕೆಲಸ ಸೊಸೆ ಕೋಮಲಳ ಕೈಗೆ ಹೋಗಿತ್ತು. ಮಿರಜದ ಹುಡುಗಿ, ಕನ್ನಡ, ಮರಾಠಿ ಎರಡೂ ನೀರು ಕುಡಿದಂತೆ. ಘಾಟಿನ ಮೆಟ್ಟಿಲ ಮೇಲೆ ನಿಂತು, ತಲೆಯ ಮೇಲೆ ಸೆರಗು ಹೊದ್ದು, ಮೊಬೈಲಿನ ಮುಂದೆ ನಗುತ್ತ ಮಾತಾಡುವಳು. ಹುಟ್ಟು ಹಾಕುವ ಹುಡುಗರ ತೋಳು ತೋರಿಸುವಳು, ಅವರ ತಾಯಂದಿರನ್ನು ಮಾತಾಡಿಸುವಳು. ಆ ವಿಡಿಯೋಗಳನ್ನು ಸಾಂಗಲಿಯವರೂ ನೋಡುತ್ತಾರಂತೆ. ಹೆಂಡತಿ ದುಂಡವ್ವ ಓಣಿಯ ಹೆಂಗಸರನ್ನೆಲ್ಲ ಕರೆದು, "ನಮ್ಮ ಸೊಸಿ ಹೆಂಗ ಮಾತಾಡ್ತಾಳ ಬಂದು ನೋಡ್ರಿ," ಎನ್ನುವಾಗ ಗಂಗಾರಾಮನಿಗೆ ಬಾಯೊಳಗಿನ ತುತ್ತು ಕಹಿಯಾಗುತ್ತಿತ್ತು. ಇಷ್ಟು ವರ್ಷ ತಾನು ಕೂಗಿದ್ದನ್ನು ಕೇಳಲು ಅವಳು ಒಬ್ಬರನ್ನಾದರೂ ಕರೆದಿದ್ದಳೇ?

ಕ್ಲಬ್ಬಿನ ಸಭೆಯಲ್ಲಿ ಕಾರ್ಯದರ್ಶಿ ಅಣ್ಣಾಸಾಬ ಹೇಳಿದ್ದ: "ಈ ಸಲ ಪ್ರಚಾರ ಎಲ್ಲಾ ಕೋಮಲ ವೈನಿದು. ಕಾಕಾ, ನೀವು ಸುಮ್ಮ ಒಂದು ರೌಂಡ್ ಹೋಗಿ ಬರ್ರಿ. ಪದ್ಧತಿ ಐತಿ, ಮುರಿಯೂದು ಬ್ಯಾಡ."

ಸುಮ್ಮ! ಆ ಒಂದು ಮಾತು ಮುಳ್ಳಿನಂತೆ ಒಳಗೇ ಮುರಿದು ಉಳಿದಿತ್ತು. ಸುಮ್ಮ ಹೋಗು ಅಂದಿದ್ದರು. ಅವನು ಸುಮ್ಮನೆಯೇ ಹೋಗಿಬಂದ. ಕುಡಚಿ ದಾಟಿ ಆ ಬೇವಿನ ಮರದಿಂದಲೇ ತಿರುಗಿ, ಮುಂದಿನ ಒಂದು ಊರಿಗೂ ಕೂಗಲಿಲ್ಲ. ದಂಡೆ ಬರಿದಾಗಿ ಬಿದ್ದಿರಲಿ. ಆಗ ಅಣ್ಣಾಸಾಬ ಬಾಗಿಲಿಗೆ ಬಂದು ಕೈ ಮುಗಿಯುತ್ತಾನೆ, ಸೊಸೆಯ ನಗುವೂ ತುಸು ಇಳಿಯುತ್ತದೆ.

ಶರ್ಯತ್ತಿನ ದಿನ ನಸುಕಿನಲ್ಲಿ ಹೊಳೆಗಿಳಿದು ಮಿಂದು ಕೈ ಜೋಡಿಸಿದ. ಮಂದಿ ಬರದಿರಲಿ ಎಂದು ಆ ತಾಯಿಯನ್ನು ಬೇಡಲು ಧೈರ್ಯವಾಗಲಿಲ್ಲ. ಬರಲಿ ಎಂದೂ ಬೇಡಲಿಲ್ಲ.

ಹೊತ್ತೇರಿದಂತೆ ದಂಡೆ ತುಂಬಿತು. ಟ್ರ್ಯಾಕ್ಟರುಗಳಲ್ಲಿ ಬಂದರು, ರೈಲಿಳಿದು ಬಂದರು, ಮಕ್ಕಳನ್ನು ಹೆಗಲೇರಿಸಿಕೊಂಡು ಬಂದರು. ಕಾಲಿಡಲು ಜಾಗವಿಲ್ಲ. ಇಂಥ ಜಾತ್ರೆ ಗಂಗಾರಾಮ ಕೂಗಿದ ಯಾವ ವರ್ಷವೂ ನೆರೆದಿರಲಿಲ್ಲ. ಅವನು ಪೆಂಡಾಲಿನ ಕಂಬ ಹಿಡಿದು ನಿಂತ.

"ಏನ್ ಕಾಕಾ, ನಮ್ಮೂರಿನ ಮ್ಯಾಲ ಸಿಟ್ಟೇನ್ರಿ?" ಮುಗಳಖೋಡದ ಮಾಳೇಶ ಮಂದಿಯನ್ನು ಸೀಳಿಕೊಂಡು ಬಂದ. "ನಿಮ್ಮ ರಿಕ್ಷಾನ ಬರಲಿಲ್ಲ! ನಮ್ಮ ಮಗಳು ಮೊಬೈಲಿನಾಗ ಈ ವೈನಿನ್ನ ನೋಡಿದ್ದಕ್ಕ ಗೊತ್ತಾತು, ಇಲ್ಲಂದ್ರ ಶರ್ಯತ್ತು ತಪ್ಪತಿತ್ತು ನೋಡ್ರಿ."

ಕೋಮಲ ಪಕ್ಕದಲ್ಲೇ ಇದ್ದಳು. ಮಾವನನ್ನು ನೋಡಿದಳು. ಗಂಗಾರಾಮ ಹೊಳೆಯ ಕಡೆ ಮುಖ ತಿರುಗಿಸಿದ. ಈಗ ಕೇಳುತ್ತಾಳೆ, ಇಷ್ಟು ಮಂದಿಯ ಎದುರಿಗೇ ಕೇಳುತ್ತಾಳೆ ಎಂದುಕೊಂಡ. ಕೇಳಲಿ, ನಾನೂ ಒಂದು ಮಾತು ಆಡಿಯೇ ಬಿಡುವೆ ಎಂದು ಹಲ್ಲು ಕಚ್ಚಿದ.

ಅವಳು ಮೈಕು ಎತ್ತಿಕೊಂಡಳು.

"ಮಂಡಳಿ, ಇವತ್ತ ಹೊಳಿ ದಂಡಿ ತುಂಬೈತಿ. ನಾ ಮೊನ್ನೆ ಮೊನ್ನೆ ಬಂದಾಕಿ. ಊರೂರಿಗೆ ಈ ಶರ್ಯತ್ತಿನ ಹೆಸರು ಮುಟ್ಟಿಸಿದ್ದು ನಮ್ಮ ಮಾವಾರ ದನಿ. ಬೋಟ್ ಬಿಡಾಕ ಅವರ ಕೂಗಬೇಕು."

ದಂಡೆಯೆಲ್ಲ ಚಪ್ಪಾಳೆ. ಅಣ್ಣಾಸಾಬ ಸೀಟಿ ಹೊಡೆದ. ಗಂಗಾರಾಮ ಸೊಸೆಯ ಮುಖದಲ್ಲಿ ಕೊಂಕು ಹುಡುಕಿದ; ಒಂದಿಷ್ಟಾದರೂ ಸಿಕ್ಕಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಸಿಗಲಿಲ್ಲ. ಮಾತಿನಲ್ಲೂ ಇವಳೇ ಮುಂದಾದಳಲ್ಲ ಎಂದುಕೊಂಡ.

"ಮಾವಾರ, ತಗೋರಿ," ಎಂದು ಅವಳು ಎರಡೂ ಕೈಯಿಂದ ಮೈಕು ಚಾಚಿದಳು. ಆಮೇಲೆ ಅವನಿಗಷ್ಟೇ ಕೇಳುವಂತೆ, "ಗಂಟಲಾ ಹಿಡದೈತಿ ಅಂತ ಮೀರಾಸಾಬ ಅಂದ. ಈಗ ಹೆಂಗೈತ್ರಿ?" ಎಂದಳು.

ಗಂಗಾರಾಮ ಮೈಕು ಹಿಡಿದು ಬಾಯಿ ತೆರೆದ. ದನಿ ಬರಲಿಲ್ಲ. ಹೊಳೆಯಲ್ಲಿ ಸಾಲಾಗಿ ನಿಂತ ಬೋಟುಗಳ ಹುಡುಗರು ಹುಟ್ಟು ಎತ್ತಿ ಹಿಡಿದು ಅವನನ್ನೇ ನೋಡುತ್ತಿದ್ದರು. ಹುಟ್ಟುಗಳ ತುದಿಯಿಂದ ನೀರು ಹನಿ ಹನಿಯಾಗಿ ಹೊಳೆಗೆ ಬೀಳುತ್ತಿತ್ತು.