ಇಪ್ಪತ್ತಾರನೆಯ ಹೆಜ್ಜೆ

ಭಾವನ ಕೆಲಸ ಹೋಗಿದ್ದು ನನ್ನಿಂದ. ಅಕ್ಕ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಫೋನ್ ಮಾಡುವುದನ್ನು ನಿಲ್ಲಿಸಿದಳು, ಅಷ್ಟೇ.

ಭಾವ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ಕೋಣೆ. ಬೆಳಿಗ್ಗೆ ಏಳಕ್ಕೆ ಹೋಗಿ, ಅಲ್ಲಿನ ಹಳೆಯ ಯಂತ್ರಗಳನ್ನು ಒಂದರ ಹಿಂದೊಂದು ಎಬ್ಬಿಸಬೇಕು. ಯಾವುದಾದ ಮೇಲೆ ಯಾವುದು ಎಂದು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು: ನಲವತ್ತೊಂದು ಹೆಜ್ಜೆ. ಅವರು ರಜೆ ಹಾಕಿದ ದಿನ ಆ ಪುಸ್ತಕವಿಲ್ಲದೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿರಲಿಲ್ಲ.

ನಾನು ಪ್ರೋಗ್ರಾಮರ್. ಕಚೇರಿ ಮುಗಿದ ಮೇಲೆ ಹವ್ಯಾಸಕ್ಕೆಂದು ಒಂದು ಓಪನ್ ಸೋರ್ಸ್ ಯೋಜನೆಗೆ ಕೋಡ್ ಬರೆದುಕೊಡುತ್ತೇನೆ. ಕಂಪ್ಯೂಟರಿನ ಮುಂದೆ ಕೂತು ಮನುಷ್ಯರು ದಿನಾ ಮಾಡುವ ಚಾಕರಿಯನ್ನು ತಾನೇ ಮಾಡಿ ಮುಗಿಸುವ ತಂತ್ರಾಂಶ ಅದು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಬಳಸಬಹುದು. ಮೆಚ್ಚಿದವರು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಅಷ್ಟಕ್ಕೇ ನಾವು ಉಬ್ಬಿಹೋಗುತ್ತೇವೆ.

ಹಳೆಯ ಯಂತ್ರ ಎಬ್ಬಿಸುವ ಭಾಗ ಅದರಲ್ಲಿರಲಿಲ್ಲ. ಭಾವನ ಪುಸ್ತಕ ಕೇಳಿದೆ. ಅವರಿಗೆ ಹಿಗ್ಗೋ ಹಿಗ್ಗು. ನಾಲ್ಕು ಭಾನುವಾರ ಅವರ ಮನೆಯ ಊಟದ ಮೇಜಿನ ಮುಂದೆ ಕೂತೆವು. ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಇಪ್ಪತ್ತಾರನೆಯ ಹೆಜ್ಜೆಗೆ ಬಂದಾಗ, "ಟೀ ಕುಡಿಯುವುದು" ಎಂದು ಓದಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಕಂಪ್ಯೂಟರಿಗೆ ಟೀ ಬೇಡ ಭಾವ," ಎಂದು ಅದನ್ನು ಬಿಟ್ಟು ಮುಂದೆ ಹೋದೆ. ನಲವತ್ತಕ್ಕೆ ಮುಗಿಯಿತು.

ಯೋಜನೆಯ ಮೇಲ್ವಿಚಾರಕ, ನಾನು ಮುಖವನ್ನೇ ಕಂಡಿರದ ಮನುಷ್ಯ, ಕೋಡ್ ಒಪ್ಪಿಕೊಂಡ. ಭಾವ ಲ್ಯಾಬಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರು. ಮ್ಯಾನೇಜರಿಗೂ ಹೇಳಿದರು. ಐದು ತಿಂಗಳಾದ ಮೇಲೆ ಮ್ಯಾನೇಜರು ಅದನ್ನು ಲ್ಯಾಬಿಗೆ ಹಾಕಿಸಿದರು, ಭಾವನ ಕೈಯಲ್ಲೇ. ಆಮೇಲೆ ಅದೇ ಕೈಗೆ ಒಂದು ಹೂಗುಚ್ಛ ಕೊಟ್ಟು ಕಳಿಸಿದರು.

ಸುದ್ದಿ ಕೇಳಿ ನಾನು ಅಳಲಿಲ್ಲ. ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರ ಕೆನ್ನೆಯ ಹಾಗಿದ್ದೆ. ಕಚೇರಿಗೆ ಹೋದೆ, ಬಂದೆ, ಬಟ್ಟೆ ಒಗೆದೆ.

ಮೂರು ವಾರದ ಮೇಲೆ ಅಕ್ಕನ ಫೋನ್ ಬಂತು. ದನಿ ಗೆಲುವಾಗಿತ್ತು.

"ಪುಟ್ಟಿ, ಲ್ಯಾಬಿನಿಂದ ಕರೆದಿದ್ದಾರೆ ಕಣೇ. ಬೆಳಿಗ್ಗೆ ಬೆಳಿಗ್ಗೆ ಯಂತ್ರ ಎಲ್ಲ ನಿಂತುಹೋಗ್ತಿದ್ಯಂತೆ, ಯಾರಿಗೂ ತಲೆಬುಡ ಗೊತ್ತಾಗ್ತಿಲ್ವಂತೆ. ಬುಧವಾರ ಬನ್ನಿ, ಮತ್ತೆ ಕೆಲಸಕ್ಕೆ ಬರೋದ್ರ ಬಗ್ಗೆ ಮಾತಾಡೋಣ ಅಂದ್ರಂತೆ."

"ಒಳ್ಳೇದಾಯ್ತು ಅಕ್ಕ," ಎಂದೆ.

ಫೋನಿಟ್ಟು ಕೋಡ್ ತೆರೆದೆ. ತಪ್ಪು ಹತ್ತೇ ನಿಮಿಷದಲ್ಲಿ ಸಿಕ್ಕಿತು. ಇಪ್ಪತ್ತೈದನೆಯ ಹೆಜ್ಜೆಯಲ್ಲಿ ಅಲ್ಲಿನ ಅತಿ ಹಳೆಯ ಯಂತ್ರ ತನ್ನ ಡಿಸ್ಕನ್ನು ಪೂರ್ತಿ ಪರೀಕ್ಷಿಸಿಕೊಳ್ಳುತ್ತದೆ. ಅದಕ್ಕೆ ಹನ್ನೆರಡು ನಿಮಿಷ ಬೇಕು. ಭಾವ ಆ ಹೊತ್ತಿನಲ್ಲಿ ಕೆಳಗಿಳಿದು ಟೀ ಕುಡಿದು ಬರುತ್ತಿದ್ದರು. ನನ್ನ ಕೋಡ್ ಕಾಯದೆ ಮುಂದಿನ ಯಂತ್ರವನ್ನು ಎಬ್ಬಿಸುತ್ತಿತ್ತು. ಕೆಲವು ದಿನ ಅವು ಹೇಗೋ ಏಳುತ್ತಿದ್ದವು, ಕೆಲವು ದಿನ ಮಕಾಡೆ ಮಲಗುತ್ತಿದ್ದವು.

ತಿದ್ದಲು ಒಂದೇ ಸಾಲು ಸಾಕು: ಹನ್ನೆರಡು ನಿಮಿಷ ಕಾಯಬೇಕು. ಬರೆದೆ, ಕಳಿಸಲಿಲ್ಲ. ಕಳಿಸದಿದ್ದರೆ ಭಾವನಿಗೆ ಕೆಲಸವಿತ್ತು. ಕಳಿಸಿದರೆ ಇಲ್ಲ.

ಭಾನುವಾರ ಅಕ್ಕನ ಮನೆಗೆ ಹೋದೆ. ಇಸ್ತ್ರಿ ಮಾಡಿದ ಷರ್ಟೊಂದು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಬುಧವಾರಕ್ಕೆ ಇನ್ನೂ ಮೂರು ದಿನ ಇತ್ತು. ಅಕ್ಕ ಸ್ನಾನಕ್ಕೆ ಹೋದಾಗ ಭಾವ ಪಕ್ಕಕ್ಕೆ ಬಂದು ಕೂತರು.

"ಟೀ ಬಿಟ್ಟಿದ್ವಲ್ಲ, ಅದೇ ಅಲ್ವಾ?"

"ನಿಮಗೆ ಯಾವಾಗ ಗೊತ್ತಾಯ್ತು?"

"ನಿಂತುಹೋಗ್ತಿದೆ ಅಂದ ದಿನಾನೇ."

"ಮತ್ತೆ ಹೇಳ್ಲಿಲ್ಲ ನೀವು?"

"ನೀನು ಹೇಳಿದ್ಯಾ?"

ಇಬ್ಬರೂ ಷರ್ಟು ನೋಡುತ್ತಾ ಕೂತೆವು.

"ವರದಿ ಕೊಡೋ ಕೌಂಟರಿನ ಮೇಡಂ ನಿನ್ನೆ ಫೋನ್ ಮಾಡಿದ್ರು," ಎಂದರು. "ಶುಕ್ರವಾರ ಯಾರಿಗೋ ಆಪರೇಷನ್ ಇತ್ತಂತೆ. ಹೊತ್ತಿಗೆ ವರದಿ ಸಿಗದೆ ಮನೆಗೆ ವಾಪಸ್ ಕಳಿಸಿಬಿಟ್ರಂತೆ." ನನ್ನ ಲ್ಯಾಪ್‌ಟಾಪಿನ ಚೀಲವನ್ನು ನನ್ನ ಕಡೆ ಸರಿಸಿದರು. "ತಿದ್ದಿ ಇಟ್ಟಿರ್ತೀಯ. ಕಳಿಸಿಬಿಡು ಅದನ್ನ."

"ಬುಧವಾರ ಆದ್ಮೇಲೆ ಕಳಿಸ್ತೀನಿ ಭಾವ."

"ನಾಳೆ ಬೆಳಿಗ್ಗೆನೂ ಜನ ಬಂದು ನಿಲ್ತಾರಲ್ಲ."

ಲ್ಯಾಪ್‌ಟಾಪ್ ತೆಗೆದೆ. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು.

"ಹದಿನೈದು ಮಾಡು. ಚಳಿ ಇದ್ದಾಗ ಅದು ಸ್ವಲ್ಪ ಸೋಮಾರಿ."

ಹದಿನೈದು ಮಾಡಿ ಕಳಿಸಿದೆ. ಒಳಗೆ ಏನಾದರೂ ಆಗುತ್ತದೆಂದು ಕಾದೆ. ಆಗಲಿಲ್ಲ.

ಸೋಮವಾರ ಮೇಲ್ವಿಚಾರಕ ಒಪ್ಪಿಕೊಂಡ, ಒಂದು ಹೆಬ್ಬೆರಳೂ ಬಂತು. ಹೊಸ ಕೋಡ್ ಬಂದರೆ ಲ್ಯಾಬಿನ ಕಂಪ್ಯೂಟರ್ ಯಾರನ್ನೂ ಕೇಳದೆ ಇಳಿಸಿಕೊಳ್ಳುತ್ತದೆ. ಆ ಏರ್ಪಾಡು ಮಾಡಿಟ್ಟು ಬಂದದ್ದೂ ಭಾವನೇ.

ಮಂಗಳವಾರ ನಾನು ರಜೆ ಹಾಕಿ ಅವರ ಮನೆಯಲ್ಲಿದ್ದೆ. ಮಧ್ಯಾಹ್ನ ಮ್ಯಾನೇಜರ ಫೋನ್ ಬಂತು. ಭಾವ, "ಹೌದಾ ಸಾರ್, ಒಳ್ಳೇದಾಯ್ತು ಸಾರ್," ಎಂದು ಇಟ್ಟರು.

"ಏನಂತೆ?" ಅಕ್ಕ ಕೇಳಿದಳು.

"ನಾಳೆ ಬರೋದು ಬೇಡ್ವಂತೆ. ಎಲ್ಲಾ ಸರಿಹೋಯ್ತಂತೆ."

"ಯಾರು ಸರಿ ಮಾಡಿದ್ದು?"

ನಾನು ಬಾಯಿ ತೆರೆದೆ. ಭಾವ ನನ್ನ ಕಡೆ ನೋಡಲೂ ಇಲ್ಲ.

"ಯಾರೂ ಇಲ್ಲ ಕಣೇ. ತಾನಾಗೇ ಸರಿಹೋಯ್ತಂತೆ."

ಅಕ್ಕ ಕುರ್ಚಿಯಿಂದ ಷರ್ಟು ತೆಗೆದು, ಇಸ್ತ್ರಿ ಕೆಡದ ಹಾಗೆ ಬೀರುವಿನಲ್ಲಿ ನೇತುಹಾಕಿ ಬಂದಳು. ಬಂದವಳು ಎಷ್ಟೋ ದಿನದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನೀನು ಮುಖ ಸಣ್ಣ ಮಾಡ್ಕೋಬೇಡ ಪುಟ್ಟಿ. ಪಾಪ, ನೀನೇನು ಮಾಡೋಕಾಗತ್ತೆ?"

ಭಾವ ಎದ್ದು ಟೀ ಇಡಲು ಹೋದರು.