ಗುಂಡಿಗಿಟ್ಟ ಕುಂಕುಮ

ಹೇಮಚಂದ್ರನಿಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಅತ್ತೆಯ ಎದುರು ಚಚ್ಚಿಕೊಳ್ಳುವಂತಿರಲಿಲ್ಲ. ದೇವರ ಮುಂದಿನ ಹರಿವಾಣದಲ್ಲಿ ಅವನ ಲ್ಯಾಪ್‌ಟಾಪ್, ಕಾರಿನ ಕೀ, ಡ್ಯೂಟಿಗೆ ಹೋಗಿದ್ದ ಹೆಂಡತಿ ನೀಲಾಳ ಹಳೆಯ ಸ್ಟೆತಾಸ್ಕೋಪ್. ಪಕ್ಕದಲ್ಲಿ ಒಂಬತ್ತು ಸೀಸದ ಗುಂಡುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ನೆತ್ತಿಯ ಕುಳಿಯಲ್ಲೂ ಅರಿಸಿನ ಕುಂಕುಮ ಒಣಗಿ ಗಟ್ಟಿಯಾಗಿತ್ತು.

“ಅತ್ತೆ, ಇದೇನ್ ಮಾಡಿದ್ರಿ?”

“ಆಯುಧಪೂಜೆ ಅಲ್ವೇ ಅಳಿಯಂದ್ರೇ? ಪಾಪ, ಶೆಡ್ಡಲ್ಲಿ ಬಿದ್ದಿದ್ವು. ಕುಂಕುಮ ಇಡೋಕೇ ತೂತು ಮಾಡಿದ ಹಾಗಿದೆ ನೋಡಿ!”

ಮೂರು ತಿಂಗಳಿಗೆಂದು ಐರ್ಲೆಂಡಿನ ಕಿಲ್ಕೆನ್ನಿಗೆ, ಮಗಳ ಮನೆಗೆ ಬಂದಿದ್ದ ಗಂಗಮ್ಮ, ಕೊರೋನಾದಿಂದ ವಿಮಾನ ನಿಂತುಹೋಗಿ ಒಂಬತ್ತನೆಯ ತಿಂಗಳಲ್ಲಿದ್ದರು.

ಗುಂಡುಗಳು ಪಕ್ಕದ ಹೊಲದ ಮುದುಕ ಫಿಂಟನ್‌ಗೆ ಸೇರಬೇಕಾದವು. ಅವನ ಅಜ್ಜನ ಕಾಲದ ಕೋವಿಗೆ ಅಂಗಡಿಯ ತೋಟಾ ಸಿಗುವುದಿಲ್ಲ. ಲೈಸೆನ್ಸು, ಕರಿಮದ್ದು ತುಂಬುವ ಕೆಲಸ ಎರಡೂ ಅವನದೇ. ಆದರೆ ಸೊಂಟದ ಮೂಳೆ ಸವೆದು ಒಲೆಯ ಮುಂದೆ ನಿಲ್ಲಲಾರ. ಹಾಗಾಗಿ ಸೀಸ ಕರಗಿಸಿ ಅಚ್ಚಿಗೆ ಹುಯ್ಯುವುದನ್ನು ಹೇಮಚಂದ್ರ ಒಪ್ಪಿಕೊಂಡಿದ್ದ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈಯೆಲ್ಲ ಸುಕ್ಕು. ಕುಳಿ ಮೂಡಿಸುವ ಕಡ್ಡಿ ತಣ್ಣಗಾದರೆ ಕುಳಿಯೇ ಸೊಟ್ಟ. ಮೂರು ದಿನ ಹೆಣಗಿ ದಕ್ಕಿದ್ದು ಈ ಒಂಬತ್ತೇ.

ಮಾರ್ಚ್‌ನಿಂದ ಮುಂದೂಡುತ್ತ ಬಂದಿದ್ದ ಫಿಂಟನ್‌ನ ಆಪರೇಷನ್ ನಾಳೆ ಬೆಳಿಗ್ಗೆ. ಸಸಿಗಳನ್ನೆಲ್ಲ ಮೇಯ್ದು ಹಾಕುತ್ತಿದ್ದ ಗಂಡು ಜಿಂಕೆಗೆ ಹೊಂಚಲು ಅವನಿಗಿದ್ದದ್ದು ಇದೊಂದು ಸಂಜೆ. ಅದೂ ಚಳಿಗಾಲಕ್ಕೆಂದು ದೇಶದ ಗಡಿಯಾರವೆಲ್ಲ ಒಂದು ಗಂಟೆ ಹಿಂದಕ್ಕೆ ಸರಿದ ದಿನ, ಐದಕ್ಕೆಲ್ಲ ಕತ್ತಲು.

ಫೋನ್ ಬಡಿದುಕೊಂಡಿತು. “ಎಲ್ಲಪ್ಪಾ ಗುಂಡು?” ಎಂದ ಫಿಂಟನ್. “ಮದ್ದು ತುಂಬಿ ಕೂತಿದ್ದೀನಿ. ಬೇಲಿ ಮೇಲಿಟ್ಟು ದೂರ ನಿಲ್ಲು, ಅಷ್ಟಾದ್ರೆ ಸಾಕು, ಗ್ರ್ಯಾಂಡ್.”

ಹೇಮಚಂದ್ರ ಹರಿವಾಣಕ್ಕೆ ಕೈಹಾಕಿದ.

“ಮುಟ್ಬೇಡಿ! ಪೂಜೆಗಿಟ್ಟಿದ್ದು ನಾಳೆವರೆಗೂ ಎತ್ತೋ ಹಾಗಿಲ್ಲ.”

“ಅತ್ತೆ, ಈ ಕುಳಿ ಖಾಲಿ ಇದ್ರೇನೇ ಗುಂಡು ಒಳಗೆ ಹೋಗಿ ಅರಳೋದು. ತುಂಬಿದ್ರೆ ಸುಮ್ನೆ ತೂರ್ಕೊಂಡು ಹೋಗುತ್ತೆ. ಜಿಂಕೆ ಸಾಯಲ್ಲ, ಪೊದೇಲಿ ಬಿದ್ದು ನರಳುತ್ತೆ.”

ಗಂಗಮ್ಮನ ತುಟಿಯಲ್ಲಿ ಹರಿಯುತ್ತಿದ್ದ ದೇವಿಯ ಪದ್ಯ ನಡುವೆಯೇ ನಿಂತಿತು. “ಜಿಂಕೆಗಾ ಇದು?”

“ಮತ್ತೆ? ಮಹಿಷಾಸುರನಿಗೆ ಅಂದ್ಕೊಂಡ್ರಾ?”

ಅವರು ದೀಪದ ಕಡೆಗೆ ಮುಖ ತಿರುಗಿಸಿದರು. ಹೇಮಚಂದ್ರ ಫೋನಿನ ಸಿಮ್ ತೆಗೆಯುವ ಕಡ್ಡಿಯಿಂದ ಅರ್ಧ ಗಂಟೆ ಕೆದಕಿ, ಒಂದೇ ಒಂದು ಗುಂಡನ್ನು ಶುದ್ಧಮಾಡಿ ಬೇಲಿಯ ಮೇಲಿಟ್ಟು ಬಂದ.

ನಾಲ್ಕೂವರೆಗೆ ಢಮ್ಮೆಂದಿತು. ಬೇಲಿಯಾಚೆ ಬಿಳಿ ಹೊಗೆ ಎದ್ದಿತು. ಹಿಂದೆಯೇ ಫೋನ್.

“ಏನಂತೆ?” ಗಂಗಮ್ಮ ತಿರುಗದೆಯೇ ಕೇಳಿದರು.

“ತಪ್ಪಿತಂತೆ. ಅದರ ಕೂದಲೂ ಕೊಂಕಿಲ್ಲ. ಮತ್ತೆ ಬಂದೇ ಬರುತ್ತೆ, ಬೆಳಕಿರೋದ್ರೊಳಗೆ ಇನ್ನೊಂದು ಗುಂಡು ಕೊಡು ಅಂತಾನೆ.”

ಹೇಮಚಂದ್ರ ಎರಡನೆಯದಕ್ಕೆ ಕಡ್ಡಿ ಚುಚ್ಚಿದ. ಕಡ್ಡಿ ಬಾಗಿಹೋಯಿತು. ಗಂಗಮ್ಮ ಲೊಚಗುಟ್ಟಿ, ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಬಿಡಿಸಿ ಕೈಚಾಚಿದರು.

“ಕೊಡಿ ಇಲ್ಲಿ. ಅದ್ರಲ್ಲಿ ಕೆದಕ್ತಾ ಕೂತ್ರೆ ಕತ್ತಲಾಗುತ್ತೆ. ಒಂದ್ ಚೂರೂ ಉಳೀಬಾರ್ದು. ಅದು ನರಳಬಾರ್ದು.”

ಇದನ್ನೇ ಒಂದು ಗಂಟೆ ಮೊದಲು ಮಾಡಬಾರದಿತ್ತೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಹೇಮಚಂದ್ರ ಮಾಸ್ಕ್ ಏರಿಸಿ ಬಾಗಿಲಲ್ಲಿ ಕಾದು ನಿಂತ.